ಗಾಳಿ ಹೊಡೆಸಿದರೂ ಆರದ ಹಳದಿ ದೀಪ: ಟೈರ್ ಪ್ರೆಶರ್ ವಾರ್ನಿಂಗ್‌ನ ಮೂಲ ಹುಡುಕುವ ಬಗೆ

ಕುದುರೆ ಲಾಳದ ಆಕಾರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಬಣ್ಣ ಹಳದಿ. ಡ್ಯಾಶ್‌ಬೋರ್ಡಿನಲ್ಲಿ ಈ ದೀಪ ಹೊತ್ತಿಕೊಂಡರೆ ನಾವು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ. ಹತ್ತಿರದ ಬಂಕ್‌ಗೆ ಹೋಗಿ ನಾಲ್ಕೂ ಟೈರಿಗೆ ಗಾಳಿ ಹೊಡೆಸುತ್ತೇವೆ. ದೀಪ ಆರುತ್ತದೆ. ಮೂರು ದಿನಕ್ಕೆ ಮತ್ತೆ ಹಾಜರಾಗುತ್ತದೆ. ಮತ್ತೆ ಬಂಕ್. ಎರಡು ಮೂರು ಸಲ ಹೀಗಾದ ಮೇಲೆ "ಇದು ಸೆನ್ಸರ್ ಪ್ರಾಬ್ಲಂ" ಅಂತ ನಾವೇ ತೀರ್ಪು ಕೊಟ್ಟು, ಆ ದೀಪದ ಕಡೆ ನೋಡುವುದನ್ನೇ ಬಿಡುತ್ತೇವೆ.

ನಾನೂ ಅದನ್ನೇ ಮಾಡಿದ್ದೆ. ಸರ್ವಿಸ್ ಮುಗಿಸಿ ತಂದ ಎರಡು ವಾರಕ್ಕೆ ದೀಪ ಬಂತು. ಸ್ಕ್ರೀನ್ ಮೇಲೆ ಎಡಮುಂದಿನ ಟೈರ್ 26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ತೋರಿಸುತ್ತಿತ್ತು. ಇಳಿದು ನನ್ನ ಗೇಜ್‌ನಿಂದ ಅದೇ ಟೈರ್ ಅಳೆದರೆ 33. ವರ್ಕ್‌ಶಾಪಿನವರು ಕೇಳಿದ ತಕ್ಷಣ "ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಬೇಕು" ಅಂದರು. ನಾಲ್ಕು ಸಾವಿರ ಚಿಲ್ಲರೆಯ ಎಸ್ಟಿಮೇಟ್ ಕೈಗಿಟ್ಟರು. ಸೆನ್ಸರ್ ಹೋಗಿರಲಿಲ್ಲ. ಅದು ಅಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಈ ಮಾರ್ಗದರ್ಶಿಯ ಕ್ರಮ ಸರಳ. ಮೊದಲು ಗಾಳಿ, ಆಮೇಲೆ ಸೋರಿಕೆ, ಕೊನೆಗೆ ಎಲೆಕ್ಟ್ರಾನಿಕ್ಸ್. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ರೀಸೆಟ್ ಬಟನ್‌ನಿಂದ ಶುರು ಮಾಡಿ ಟೈರಿಗೆ ಬಂದು ಮುಟ್ಟುತ್ತಾರೆ.

ಹಂತ 1: ದೀಪ ಉರಿಯುವ ರೀತಿ ನೋಡಿ

ಇಗ್ನಿಷನ್ ಆನ್ ಮಾಡಿದಾಗ ಎಲ್ಲಾ ದೀಪಗಳ ಜೊತೆ ಇದೂ ಕೆಲವು ಸೆಕೆಂಡು ಹೊತ್ತಿ ಆರುತ್ತದೆ. ಅದು ದೀಪದ ಸ್ವಂತ ಪರೀಕ್ಷೆ. ಅದಾದ ಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ.

ಆರದೆ ಸ್ಥಿರವಾಗಿ ಉರಿಯುತ್ತಿದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಇದೆ ಅಂತ ಅರ್ಥ. ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಸ್ಥಿರವಾಗಿ ನಿಂತರೆ ವ್ಯವಸ್ಥೆಯಲ್ಲೇ ದೋಷ ಇದೆ. ಒಂದು ಸೆನ್ಸರ್ ಮಾತಾಡುತ್ತಿಲ್ಲ, ಅಥವಾ ಕಾರಿಗೆ ಅದರ ಗುರುತು ಸಿಗುತ್ತಿಲ್ಲ. ಮಿಣುಕುವ ದೀಪಕ್ಕೆ ನೀವು ಎಷ್ಟು ಗಾಳಿ ಹೊಡೆಸಿದರೂ ಪ್ರಯೋಜನವಿಲ್ಲ. ಹಾಗಂತ ಗಾಳಿ ನೋಡದೆ ಬಿಡುವ ಹಾಗೂ ಇಲ್ಲ. ದೋಷ ಇರುವಷ್ಟು ದಿನ ಗಾಳಿ ಕಡಿಮೆಯಾದರೂ ನಿಮಗೆ ಹೇಳುವವರು ಯಾರೂ ಇರುವುದಿಲ್ಲ.

ಬೆಳಿಗ್ಗೆ ಕಾರು ತೆಗೆದಾಗ ಮಾತ್ರ ಹೊತ್ತಿ, ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ತಾನೇ ಆರುತ್ತದೆಯಾ? ಇದು ತೀರಾ ಸಾಮಾನ್ಯ. ಉತ್ತರ ಮೂರನೇ ಹಂತದಲ್ಲಿದೆ.

ಓಡಿಸುತ್ತಿರುವಾಗಲೇ ದೀಪ ಹೊತ್ತಿಕೊಂಡರೆ, ಅದರಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ, ಜೋರಾಗಿ ಬ್ರೇಕ್ ಹೊಡೆಯಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ಎಡಕ್ಕೆ ಬಂದು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕಾರು ಒಂದು ಕಡೆ ಎಳೆಯುತ್ತಿದ್ದರೆ ಅಥವಾ ಟೈರ್ ಕಣ್ಣಿಗೇ ಕೂತ ಹಾಗೆ ಕಂಡರೆ ಮುಂದೆ ಓಡಿಸಲೇಬೇಡಿ. ಕಡಿಮೆ ಗಾಳಿಯ ಟೈರ್ ವೇಗದಲ್ಲಿ ಬಿಸಿಯಾಗುವುದು ಅದರ ಪಕ್ಕದ ಗೋಡೆಯಲ್ಲಿ (ಸೈಡ್‌ವಾಲ್). ಒಡೆಯುವುದೂ ಅಲ್ಲೇ.

ಹಂತ 2: ನಿಮ್ಮ ಕಾರಿನದು ಯಾವ ಬಗೆಯ ವ್ಯವಸ್ಥೆ?

ಟಿಪಿಎಂಎಸ್ (ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಂ) ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಯಾವುದು ಅಂತ ಗೊತ್ತಿಲ್ಲದೆ ರಿಪೇರಿಗೆ ಹೋದರೆ ದುಡ್ಡು ದಂಡ.

ಮೊದಲನೆಯದು ನೇರ ಬಗೆ. ಪ್ರತಿ ಚಕ್ರದ ಒಳಗೆ, ವಾಲ್ವ್‌ಗೆ ಅಂಟಿಕೊಂಡಂತೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರೊಳಗೆ ಒಂದು ಲಿಥಿಯಂ ಬ್ಯಾಟರಿ. ಕಾರು ನಿಂತಾಗ ಸೆನ್ಸರ್ ನಿದ್ದೆ ಹೋಗುತ್ತದೆ. ಚಕ್ರ ತಿರುಗತೊಡಗಿದಾಗ ಎದ್ದು, ರೇಡಿಯೋ ಮೂಲಕ ತನ್ನ ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ ಕಳಿಸುತ್ತದೆ. ಸ್ಕ್ರೀನ್‌ನಲ್ಲಿ ನಾಲ್ಕೂ ಟೈರಿನ ಅಂಕಿ ಬೇರೆ ಬೇರೆ ಕಾಣುತ್ತಿದ್ದರೆ ನಿಮ್ಮದು ಇದೇ. ಕ್ರೆಟಾ, ಸೆಲ್ಟಾಸ್‌ನಂಥ ಕಾರುಗಳ ಮೇಲಿನ ವೇರಿಯಂಟ್‌ಗಳಲ್ಲಿ ಬರುವುದು ಈ ಬಗೆ.

ಎರಡನೆಯದು ಪರೋಕ್ಷ ಬಗೆ. ಇಲ್ಲಿ ಟೈರಿನೊಳಗೆ ಏನೂ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಅದೇ ದೂರಕ್ಕೆ ಅದು ಬೇರೆಯವಕ್ಕಿಂತ ಒಂಚೂರು ಜಾಸ್ತಿ ಸುತ್ತುತ್ತದೆ. ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬ್ರೇಕಿಗೆ ಅಂತ ಇರುವ ಚಕ್ರದ ವೇಗದ ಸೆನ್ಸರ್‌ಗಳೇ ಈ ವ್ಯತ್ಯಾಸ ಹಿಡಿಯುತ್ತವೆ. ಇಂಥ ಕಾರಿನಲ್ಲಿ ಅಂಕಿ ಕಾಣುವುದಿಲ್ಲ. ಬದಲಿಗೆ ಒಂದು ಸೆಟ್ ಬಟನ್, ಅಥವಾ ಸ್ಕ್ರೀನಿನ ಮೆನುವಿನಲ್ಲಿ ಅಂಥದ್ದೊಂದು ಆಯ್ಕೆ ಇರುತ್ತದೆ. ಸ್ಕೋಡಾ ಕುಶಾಕ್, ಸ್ಲಾವಿಯಾ, ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್ ಈ ಗುಂಪಿಗೆ ಸೇರಿದವು. ಈ ಕಾರುಗಳಿಗೆ "ಟೈರ್ ಸೆನ್ಸರ್ ಹೋಗಿದೆ" ಅಂತ ಯಾರಾದರೂ ಹೇಳಿದರೆ, ಯಾವ ಸೆನ್ಸರ್ ಅಂತ ಮರುಪ್ರಶ್ನೆ ಹಾಕಿ.

ವಾಲ್ವ್ ನೋಡಿಯೂ ಅಂದಾಜು ಮಾಡಬಹುದು. ಲೋಹದ ವಾಲ್ವ್, ಬುಡದಲ್ಲಿ ನಟ್ ಇದ್ದರೆ ಒಳಗೆ ಸೆನ್ಸರ್ ಇರುವ ಸಾಧ್ಯತೆ ಜಾಸ್ತಿ. ರಬ್ಬರ್ ವಾಲ್ವ್ ಇದ್ದ ಮಾತ್ರಕ್ಕೆ ಸೆನ್ಸರ್ ಇಲ್ಲ ಅನ್ನುವಂತಿಲ್ಲ. ರಬ್ಬರ್ ವಾಲ್ವ್‌ನ ಸೆನ್ಸರ್‌ಗಳೂ ಇವೆ. ಕಾರಿನ ಮ್ಯಾನುಯಲ್ ಪುಸ್ತಕ ತೆಗೆದು ನೋಡುವುದೇ ಖಾತ್ರಿ. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇರುತ್ತದೆ, ಅಲ್ವಾ?

ಹಂತ 3: ಬೆಳಗಿನ ತಣ್ಣನೆಯ ಟೈರಿನಲ್ಲಿ ಅಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಎಡವುವುದೂ ಇಲ್ಲೇ.

ಒಂದು ಡಿಜಿಟಲ್ ಗೇಜ್ ಕೊಳ್ಳಿ. ಕೆಲವು ನೂರು ರೂಪಾಯಿಯ ಮಾತು. ಬಂಕ್‌ನಲ್ಲಿ ಗಾಳಿ ಪುಕ್ಕಟೆ ಸಿಗುತ್ತದೆ, ಒಳ್ಳೆಯದೇ. ಆದರೆ ಅಲ್ಲಿನ ಮೀಟರ್ ದಿನವಿಡೀ ಲಾರಿ, ಬಸ್ಸು, ಆಟೋ ಎಲ್ಲದಕ್ಕೂ ದುಡಿದು, ನೆಲಕ್ಕೆ ಬಿದ್ದು ಎದ್ದಿರುತ್ತದೆ. ಎರಡು ಮೂರು ಪಿಎಸ್‌ಐ ಹೆಚ್ಚುಕಡಿಮೆ ತೋರಿಸಿದರೆ ಆಶ್ಚರ್ಯವಿಲ್ಲ. ನಿಮ್ಮದೇ ಗೇಜ್ ಇದ್ದರೆ ಅದೂ ಒಂಚೂರು ತಪ್ಪಿರಬಹುದು. ಆದರೆ ಪ್ರತಿ ಸಲ ಒಂದೇ ರೀತಿ ತಪ್ಪುತ್ತದೆ. ಹೋಲಿಕೆಗೆ ಅಷ್ಟು ಸಾಕು. ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಇದ್ದರೆ ಇನ್ನೂ ಅನುಕೂಲ.

ಈಗ ಎಷ್ಟು ಗಾಳಿ ಬೇಕು ಅನ್ನುವ ಪ್ರಶ್ನೆ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಅದರಲ್ಲಿ ಇಬ್ಬರು ಕೂತಾಗ ಎಷ್ಟು, ಪೂರ್ತಿ ಮಂದಿ ಮತ್ತು ಲಗೇಜು ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಅದೇ ಸರಿಯಾದ ಅಂಕಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಪಿಎಸ್‌ಐ ಸಂಖ್ಯೆ ಆ ಟೈರ್ ತಡೆಯುವ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ಹೊಡೆಸುವವರನ್ನು ಕಂಡಿದ್ದೇನೆ. ಸ್ಟಿಕರ್ ಬಾರ್‌ನಲ್ಲಿದ್ದರೆ 1 ಬಾರ್ ಅಂದರೆ 14.5 ಪಿಎಸ್‌ಐ ಅಂತ ಲೆಕ್ಕ ಹಾಕಿ. 2.3 ಬಾರ್ ಅಂದರೆ 33ಕ್ಕೆ ಒಂದಿಷ್ಟು ಮೇಲೆ.

ಸ್ಟಿಕರಿನ ಅಂಕಿ ತಣ್ಣನೆಯ ಟೈರಿಗೆ ಹೇಳಿದ್ದು. ತಣ್ಣಗೆ ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಬಿಸಿಲಲ್ಲಿ ಅಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಅಳೆಯುವುದು ನನ್ನ ರೂಢಿ. ಓಡಿಸಿದ ಟೈರಿನ ಒತ್ತಡ ನಾಲ್ಕರಿಂದ ಆರು ಪಿಎಸ್‌ಐ ಏರಿರುತ್ತದೆ.

ಈಗ ಒಂದು ಲೆಕ್ಕ ನೋಡಿ. ಆಫೀಸಿನಿಂದ ನಲವತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು, ಬಂಕ್‌ನಲ್ಲಿ ನಿಲ್ಲಿಸಿ, "33 ಹಾಕಪ್ಪ" ಅಂದಿರಿ. ಬಿಸಿ ಟೈರಿಗೆ 33 ಬಂತು. ಅದೇ ಟೈರ್ ಡಿಸೆಂಬರ್ ಬೆಳಿಗ್ಗೆ ತಣ್ಣಗಾದಾಗ 28ರ ಆಸುಪಾಸಿಗೆ ಇಳಿದಿರುತ್ತದೆ. ಯಾವ ಸೋರಿಕೆಯೂ ಇಲ್ಲದ ಟೈರ್ ಕೂಡ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ತಾನಾಗಿ ಕಳೆದುಕೊಳ್ಳುತ್ತದೆ. ಎರಡು ತಿಂಗಳು ನೋಡದೆ ಬಿಟ್ಟರೆ 26. ಹಲವು ಕಾರುಗಳಲ್ಲಿ ದೀಪ ಹೊತ್ತಿಕೊಳ್ಳುವುದು ಇದರ ಆಸುಪಾಸಿನಲ್ಲೇ. ಕಾರು ಓಡಿ ಟೈರ್ ಬಿಸಿಯಾದಾಗ ಮತ್ತೆ 29, 30ಕ್ಕೆ ಏರಿ ದೀಪ ಆರುತ್ತದೆ. ಬೆಳಿಗ್ಗೆ ಮಾತ್ರ ಬರುವ ದೀಪದ ಗುಟ್ಟು ಇಷ್ಟೇ. ಸೆನ್ಸರ್‌ಗೆ ಹುಚ್ಚು ಹಿಡಿದಿಲ್ಲ.

ಹವೆಯ ಉಷ್ಣತೆ 10 ಡಿಗ್ರಿ ಇಳಿದರೆ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಬೀದರ್, ವಿಜಯಪುರದ ಕಡೆ ಚಳಿಗಾಲದಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹದಿನೈದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರುವ ದಿನಗಳಿವೆ. ಘಾಟಿ ಹತ್ತಿದಾಗ, ಇಳಿದಾಗಲೂ ಗೇಜ್ ಸ್ವಲ್ಪ ಆಡುತ್ತದೆ. ಸಾವಿರ ಮೀಟರ್ ಇಳಿದರೆ ಹೊರಗಿನ ಹವೆಯ ಒತ್ತಡ ಏರಿ ಗೇಜ್ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವಾಗ ಕೆಳಗಿನ ಸೆಖೆ ಅದನ್ನು ಸರಿದೂಗಿಸಿಬಿಡುತ್ತದೆ. ಹಾಗಾಗಿ ಘಾಟಿಯೊಂದೇ ದೀಪಕ್ಕೆ ಕಾರಣ ಅಂತ ಹೇಳುವುದು ಕಷ್ಟ.

ಚಳಿ ದೇಶದಲ್ಲಿರುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ ಎಲ್ಲಾ ಹೊಸ ಕಾರುಗಳಲ್ಲೂ ಈ ದೀಪ ಕಡ್ಡಾಯ. ಅಲ್ಲಿನ ನಿಯಮದಂತೆ ಹೇಳಿದ ಒತ್ತಡಕ್ಕಿಂತ ಶೇಕಡ 25 ಕಡಿಮೆಯಾದರೆ ದೀಪ ಬರಬೇಕು. ಅಕ್ಟೋಬರ್, ನವೆಂಬರ್‌ನ ಮೊದಲ ಚಳಿಗೆ ಬೀದಿ ಬೀದಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಶೇಕಡ 25 ಅಂದರೆ 33ರಿಂದ ಹತ್ತಿರ ಹತ್ತಿರ 25ಕ್ಕೆ ಇಳಿಯುವವರೆಗೂ ಕಾರು ಬಾಯಿ ಬಿಡದೆ ಇರಬಹುದು. ದೀಪ ಬಂದಿಲ್ಲ, ಹಾಗಾಗಿ ಗಾಳಿ ಸರಿ ಇದೆ ಅನ್ನುವ ಲೆಕ್ಕ ತಪ್ಪು.

ನಾಲ್ಕೂ ಟೈರ್ ತಣ್ಣಗಿರುವಾಗ ಸ್ಟಿಕರ್ ಪ್ರಕಾರ ತುಂಬಿಸಿ. ಬಂಕ್‌ಗೇ ಹೋಗಬೇಕಾದರೆ ಒಂದೆರಡು ಕಿಲೋಮೀಟರ್ ಒಳಗಿನದಕ್ಕೆ ಹೋಗಿ. ಮೊದಲು ಮನೆಯಲ್ಲಿ ಅಳೆದು, ಎಷ್ಟು ಕಡಿಮೆ ಇದೆಯೋ ಅಷ್ಟನ್ನೇ ಅಲ್ಲಿ ಸೇರಿಸಿಸಿ. ಬಿಸಿ ಟೈರಿನಲ್ಲಿ 37 ತೋರಿಸಿತು ಅಂತ ಗಾಳಿ ಬಿಡಬೇಡಿ. ದೀಪ ಬರದಿರಲಿ ಅಂತ 40 ಹೊಡೆಸುವವರೂ ಇದ್ದಾರೆ. ದೀಪ ಬರುವುದಿಲ್ಲ ನಿಜ. ಟೈರಿನ ನಡುಭಾಗ ಮಾತ್ರ ಸವೆಯುತ್ತದೆ, ಮಳೆಗಾಲದ ಘಾಟಿಯಲ್ಲಿ ಹಿಡಿತ ತಪ್ಪುತ್ತದೆ.

ತುಂಬಿಸಿದ ಕೂಡಲೇ ದೀಪ ಆರಲಿಲ್ಲ ಅಂತ ಗಾಬರಿಯಾಗಬೇಡಿ. ನಿಂತ ಸೆನ್ಸರ್ ನಿದ್ದೆಯಲ್ಲಿರುತ್ತದೆ ಅಂದೆನಲ್ಲ. ಹತ್ತು ಹದಿನೈದು ನಿಮಿಷ ಓಡಿಸಿ ನೋಡಿ. ಪರೋಕ್ಷ ಬಗೆಯಾದರೆ ಗಾಳಿ ತುಂಬಿಸಿದ ಮೇಲೆ ನೀವೇ ಸೆಟ್ ಮಾಡಬೇಕು.

ನೈಟ್ರೋಜನ್ ಹಾಕಿಸಿದರೆ ಪರಿಹಾರವಾ ಅಂತ ಕೇಳುತ್ತಾರೆ. ಸೋರುವ ಟೈರಿನಿಂದ ನೈಟ್ರೋಜನ್ನೂ ಸೋರುತ್ತದೆ.

ಹಂತ 4: ಒಂದು ವಾರ ಬರೆದಿಡಿ

ಮೊಬೈಲಿನಲ್ಲೋ ಕ್ಯಾಲೆಂಡರ್ ಹಿಂದೆಯೋ ಬರೆಯಿರಿ. ಮೊದಲ ದಿನ ನಾಲ್ಕೂ 33. ಮೂರನೇ ದಿನ ಬೆಳಿಗ್ಗೆ, ಏಳನೇ ದಿನ ಬೆಳಿಗ್ಗೆ ಮತ್ತೆ ಅಳೆಯಿರಿ. ಆದಷ್ಟು ಅದೇ ಹೊತ್ತಿಗೆ, ಅದೇ ಗೇಜ್‌ನಿಂದ.

ಒಂದೇ ಟೈರ್ 33, 31, 28 ಅಂತ ಇಳಿಯುತ್ತಿದ್ದರೆ ಅದರಲ್ಲಿ ಸೋರಿಕೆ ಇದೆ. ಐದನೇ ಹಂತಕ್ಕೆ ಹೋಗಿ. ನಾಲ್ಕೂ ಒಂದೇ ಸಮ ಅರ್ಧ, ಒಂದು ಇಳಿದಿದ್ದರೆ ಅದು ಹವೆಯ ಆಟ. ನಾಲ್ಕೂ ಅಲ್ಲಾಡದೆ ನಿಂತಿವೆ, ದೀಪ ಮಾತ್ರ ಉರಿಯುತ್ತಿದೆ ಅಂದರೆ ನೇರ ಆರನೇ ಹಂತ.

ವರ್ಕ್‌ಶಾಪಿಗೆ ಹೋಗಬೇಕಾಗಿ ಬಂದರೂ ಈ ಅಂಕಿಗಳು ನಿಮ್ಮ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಹಂತ 5: ಸೋರಿಕೆ ಹುಡುಕಿ

ಒಂದು ಸ್ಪ್ರೇ ಬಾಟಲಿಗೆ ನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಇಷ್ಟೇ ಸಾಮಾನು. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಸಿಂಪಡಿಸಿ, ಒಂದೆರಡು ನಿಮಿಷ ತಾಳ್ಮೆಯಿಂದ ನೋಡಿ. ನಿಧಾನ ಸೋರುವ ಜಾಗದಲ್ಲಿ ದೊಡ್ಡ ಗುಳ್ಳೆ ಬರುವುದಿಲ್ಲ. ಬಿಳಿ ನೊರೆ ಮೆಲ್ಲಗೆ ಉಬ್ಬುತ್ತದೆ.

ಮೊದಲು ವಾಲ್ವ್. ಕ್ಯಾಪ್ ತೆಗೆದು ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ವಾಲ್ವ್ ಪಿನ್ ಸಡಿಲ ಅಥವಾ ಕಸ ಸಿಕ್ಕಿಕೊಂಡಿದೆ. ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ, ಟೈರ್ ಕಳಚಬೇಕಾಗಿಲ್ಲ. ಆಮೇಲೆ ವಾಲ್ವ್‌ನ ಬುಡ. ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಬೆರಳಿನಿಂದ ಸ್ವಲ್ಪ ಬಗ್ಗಿಸಿದಾಗ ಅಲ್ಲಿ ನೊರೆ ಕಾಣುತ್ತದೆ.

ನಂತರ ಟೈರಿನ ಮೇಲ್ಮೈ. ಕಾರನ್ನು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿ ಪೂರ್ತಿ ಸುತ್ತು ನೋಡಿ. ಮೊಳೆಯ ತಲೆ ಸವೆದು ರಬ್ಬರಿನ ಮಟ್ಟಕ್ಕೆ ಬಂದಿರುತ್ತದೆ, ಕಲ್ಲು ಅಂತ ಕಣ್ಣು ಮೋಸ ಹೋಗುತ್ತದೆ. ಸಿಕ್ಕರೆ ಅಲ್ಲೇ ಕೀಳಬೇಡಿ! ಕಿತ್ತರೆ ಐದು ನಿಮಿಷಕ್ಕೆ ಟೈರ್ ಕೂರುತ್ತದೆ. ಹಾಗೇ ಅಂಗಡಿವರೆಗೆ ಓಡಿಸಿ. ಮೊಳೆ ಓಡುವ ಮೇಲ್ಮೈಯ ನಡುಭಾಗದಲ್ಲಿದ್ದರೆ ರಿಪೇರಿ ಆಗುತ್ತದೆ. ಪಕ್ಕದ ಗೋಡೆಯಲ್ಲಿ ಅಥವಾ ಅಂಚಿಗೆ ಹತ್ತಿರ ಇದ್ದರೆ ಪಂಕ್ಚರ್ ಹಾಕಿಸಿ ಹೆದ್ದಾರಿಗೆ ಹೋಗಬೇಡಿ. ಹೊರಗಿನಿಂದ ತುರುಕುವ ಸ್ಟ್ರಿಪ್‌ಗಿಂತ ಟೈರ್ ಬಿಚ್ಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಹೆಚ್ಚು ಬಾಳುತ್ತದೆ.

ಮೊಳೆ ಇಲ್ಲದಿದ್ದರೆ ಅನುಮಾನ ಟೈರ್ ಮತ್ತು ರಿಮ್ ಸೇರುವ ಅಂಚಿನ ಮೇಲೆ. ನಮ್ಮ ರಸ್ತೆ ಗುಂಡಿಗಳ ದಯೆಯಿಂದ ರಿಮ್ ಬಗ್ಗುವುದು ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಬಹುಪಾಲು ಬಗ್ಗುವುದು ಒಳಬದಿಯಲ್ಲಿ. ಹೊರಗಿನಿಂದ ನೋಡಿದರೆ ಅಲಾಯ್ ವೀಲ್ ಫಳಫಳ ಅನ್ನುತ್ತಿರುತ್ತದೆ. ಚಕ್ರ ಬಿಚ್ಚಿ ಒಳಬದಿಗೂ ಸಿಂಪಡಿಸಬೇಕು. ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಇನ್ನೂ ಸಲೀಸು. ಬಗ್ಗಿದ ರಿಮ್ ಅನ್ನು ಪ್ರೆಸ್‌ನಲ್ಲಿ ನೇರ ಮಾಡುವವರಿದ್ದಾರೆ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸುವುದು ಮಾತ್ರ ನನಗೆ ಸಮ್ಮತವಿಲ್ಲ. ಹೊಸ ರಿಮ್ ಹಾಕಿ.

ಕರಾವಳಿಯವರಿಗೆ ಇನ್ನೊಂದು ಕಾಟ. ಉಪ್ಪುಗಾಳಿಗೆ ರಿಮ್ಮಿನ ಅಂಚು ಕೊರೆದು ಪುಡಿ ಕೂರುತ್ತದೆ. ಟೈರ್ ಅಲ್ಲಿ ಬಿಗಿಯಾಗಿ ಕೂರದೆ ವಾರಕ್ಕೆ ಎರಡು ಮೂರು ಪಿಎಸ್‌ಐ ಹೋಗುತ್ತದೆ. ಟೈರ್ ಬಿಚ್ಚಿಸಿ, ಅಂಚು ಉಜ್ಜಿ ಸ್ವಚ್ಛ ಮಾಡಿ, ಬೀಡ್ ಸೀಲರ್ (ಟೈರಿನ ಅಂಚಿಗೆ ಬಳಿಯುವ ಅಂಟು) ಬಳಿಸಿ ಮತ್ತೆ ಕೂರಿಸಬೇಕು. ಲೋಹದ ವಾಲ್ವ್‌ಗೆ ಅಂದಕ್ಕೆ ಅಂತ ಸಿಗುವ ಲೋಹದ ಕ್ಯಾಪ್ ಹಾಕಬೇಡಿ. ಎರಡು ಲೋಹ ಸೇರಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದರೆ ವಾಲ್ವ್ ಸಮೇತ ಸೆನ್ಸರ್ ಮುರಿಯುತ್ತದೆ. ಪ್ಲಾಸ್ಟಿಕ್ ಕ್ಯಾಪೇ ಸರಿ.

ಟೈರ್ ಬಿಚ್ಚಿಸುವಾಗ ಅಂಗಡಿಯವರಿಗೆ "ಅಣ್ಣಾ, ಒಳಗೆ ಸೆನ್ಸರ್ ಇದೆ" ಅಂತ ಮೊದಲೇ ಹೇಳಿ. ಟೈರಿನ ಅಂಚನ್ನು ಒತ್ತಿ ಬಿಡಿಸುವ ಮೆಷಿನ್ನಿನ ತೋಳು ವಾಲ್ವ್‌ನಿಂದ ದೂರ ಕೂರಬೇಕು. ಚೆನ್ನಾಗಿದ್ದ ಸೆನ್ಸರ್ ಮುರಿಯುವುದು ಈ ಘಳಿಗೆಯಲ್ಲಿ.

ಟೈರಿನೊಳಗೆ ಸುರಿಯುವ ಸೀಲೆಂಟ್ ದ್ರವದ ಬಗ್ಗೆಯೂ ಎಚ್ಚರ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಅಂತ ಮಾಡಿತು. ಅಂಥ ಕಾರುಗಳಲ್ಲಿ ಆಪತ್ತಿಗೆ ಈ ದ್ರವವೇ ಗತಿ. ಆದರೆ ಅದು ಸೆನ್ಸರ್‌ನ ಸೂಕ್ಷ್ಮ ರಂಧ್ರಕ್ಕೆ ಮೆತ್ತಿಕೊಂಡರೆ ಅಂಕಿ ತಪ್ಪುತ್ತದೆ. ಬಳಸಬೇಕಾಗಿ ಬಂದರೆ ಬಳಸಿ, ರಿಪೇರಿಯ ದಿನ ಒಳಗೆಲ್ಲ ಒರೆಸಿಸಿ. ಮುಂಜಾಗ್ರತೆಗೆ ಅಂತ ನಾಲ್ಕೂ ಟೈರಿಗೆ ಸುಮ್ನೆ ಸುರಿಸುವುದು ಬೇಡ.

ಹಂತ 6: ಗಾಳಿ ಸರಿ ಇದೆ, ದೀಪ ಮಾತ್ರ ಹಟ ಹಿಡಿದಿದೆ

ಈಗ ನನ್ನ ಕಥೆಗೆ ಬರೋಣ. ಎಸ್ಟಿಮೇಟ್ ಜೇಬಿನಲ್ಲಿಟ್ಟುಕೊಂಡೇ ನಮ್ಮ ಬಡಾವಣೆಯ ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹಿರಿಯರು ಸ್ಕ್ರೀನ್ ನೋಡಿದರು, ನನ್ನ ಗೇಜ್ ನೋಡಿದರು. "ಸರ್, ಸರ್ವಿಸಲ್ಲಿ ಟೈರ್ ಹಿಂದೆ ಮುಂದೆ ಮಾಡಿದ್ರಾ?" ಅಂದರು. ಹೌದು, ಬಿಲ್ಲಿನಲ್ಲಿ ಟೈರ್ ರೊಟೇಷನ್ ಅಂತ ಇತ್ತು. ಅವರು ಎಡಹಿಂದಿನ ಟೈರ್ ಅಳೆದರು. 26! ಒಳಅಂಚಿನಲ್ಲಿ ರಿಮ್ ಸ್ವಲ್ಪ ಬಗ್ಗಿತ್ತು.

ಆಗಿದ್ದು ಇಷ್ಟು. ಚಕ್ರದ ಜೊತೆ ಅದರೊಳಗಿನ ಸೆನ್ಸರ್ ಕೂಡ ಮುಂದಿನಿಂದ ಹಿಂದಕ್ಕೆ ಹೋಗಿತ್ತು. ಕಾರಿಗೆ ಆ ಗುರುತಿನ ಸಂಖ್ಯೆ ಅಂದರೆ ಎಡಮುಂದಿನದು ಅಂತಲೇ ನೆನಪು. ಕೆಲವು ಕಾರುಗಳು ಹೊಸ ಜಾಗವನ್ನು ತಾವೇ ಕಲಿಯುತ್ತವೆ, ಕೆಲವಕ್ಕೆ ಕಲಿಸಬೇಕು. ನನ್ನದಕ್ಕೆ ಯಾರೂ ಕಲಿಸಿರಲಿಲ್ಲ. ನಾನು ಬೈಯುತ್ತಿದ್ದ ಸೆನ್ಸರ್ ಪಾಪ, ತನ್ನ ಟೈರಿನ ಗಾಳಿಯನ್ನು ಸರಿಯಾಗೇ ಹೇಳುತ್ತಿತ್ತು.

ನಿಮ್ಮ ಕಾರಿನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಒಂದು ಟೈರಿನಿಂದ ನಾಲ್ಕೈದು ಪಿಎಸ್‌ಐ ಗಾಳಿ ಬಿಡಿ. ಹತ್ತಿರದಲ್ಲೇ ಮೆಲ್ಲಗೆ ಒಂದು ಸುತ್ತು ಹೋಗಿ ಬನ್ನಿ. ಸ್ಕ್ರೀನ್‌ನಲ್ಲಿ ಯಾವ ಅಂಕಿ ಇಳಿಯಿತು ನೋಡಿ. ಬೇರೆ ಜಾಗದ ಅಂಕಿ ಇಳಿದಿದ್ದರೆ ಕಾರಿಗೆ ಜಾಗ ಮರುಕಲಿಸಬೇಕು ಅಂತ ಅರ್ಥ. ಮರೆಯದೆ ಗಾಳಿ ವಾಪಸ್ ತುಂಬಿಸಿ.

ಪರೋಕ್ಷ ಬಗೆಯ ಕಾರುಗಳಲ್ಲಿ ಹಟಕ್ಕೆ ಕಾರಣ ಸಾಮಾನ್ಯವಾಗಿ ಸೆಟ್ ಮಾಡುವ ಕ್ರಮ. ಗಾಳಿ ಕಡಿಮೆ ಇರುವಾಗಲೇ ದೀಪ ಆರಲಿ ಅಂತ ಸೆಟ್ ಒತ್ತಿದರೆ, ಕಾರು ಆ ಕಡಿಮೆ ಗಾಳಿಯನ್ನೇ ಸರಿ ಅಂತ ಮನಸ್ಸಿಗೆ ಹಾಕಿಕೊಳ್ಳುತ್ತದೆ. ಮೊದಲು ತಣ್ಣನೆಯ ಟೈರಿಗೆ ಸರಿಯಾದ ಗಾಳಿ, ಆಮೇಲೆ ಸೆಟ್, ಆಮೇಲೆ ಮಾಮೂಲಿ ಓಡಾಟ. ಒಂದೇ ಒಂದು ಹೊಸ ಟೈರ್ ಹಾಕಿದ್ದರೂ, ಬೇರೆ ಕಂಪನಿಯದು ಹಾಕಿದ್ದರೂ, ಅಳತೆ ಬದಲಿಸಿದ್ದರೂ ಚಕ್ರಗಳ ಸುತ್ತಳತೆ ಹೊಂದುವುದಿಲ್ಲ. ಟೈರ್ ಬದಲಿಸಿದಾಗ, ರೊಟೇಷನ್ ಮಾಡಿಸಿದಾಗಲೆಲ್ಲ ಸೆಟ್ ಮಾಡಲೇಬೇಕು. ಈ ಬಗೆಗೆ ಇನ್ನೊಂದು ಕುರುಡು ಇದೆ. ನಾಲ್ಕೂ ಟೈರಿನ ಗಾಳಿ ಒಟ್ಟಿಗೆ ಸಮವಾಗಿ ಇಳಿದರೆ ಅದಕ್ಕೆ ಪತ್ತೆ ಹಚ್ಚುವುದು ಕಷ್ಟ. ಜೊತೆಗೆ ಎಬಿಎಸ್ ದೀಪವೂ ಉರಿಯುತ್ತಿದ್ದರೆ ದೋಷ ಚಕ್ರದ ವೇಗದ ಸೆನ್ಸರ್‌ನಲ್ಲಿರಬಹುದು. ಬ್ರೇಕಿನ ವಿಷಯ ಅದು, ಮುಂದೂಡಬೇಡಿ.

ಸ್ಟೆಪ್ನಿ ಹಾಕಿದ್ದೀರಾ? ನಮ್ಮಲ್ಲಿ ಬಹಳ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ಅದು ಇರುವಷ್ಟು ಹೊತ್ತು ದೀಪ ಮಿಣುಕುವುದು ಸಹಜ. ಸ್ಟೆಪ್ನಿ ಚಿಕ್ಕದಿದ್ದರೆ ಅದರ ಮೇಲೆ ಬರೆದ ವೇಗದ ಮಿತಿ ಮೀರಬೇಡಿ, ಸಾಮಾನ್ಯವಾಗಿ 80 ಇರುತ್ತದೆ. ಸ್ಟೆಪ್ನಿಗೂ ಗಾಳಿ ನೋಡುವುದನ್ನು ನಾವೆಲ್ಲ ಮರೆಯುತ್ತೇವೆ.

ಹೊಸದಾಗಿ ಹಾಕಿಸಿದ ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳೂ ಕೆಲವೊಮ್ಮೆ ಸೆನ್ಸರ್‌ನ ರೇಡಿಯೋ ಸಂಕೇತಕ್ಕೆ ಅಡ್ಡಿ ಮಾಡುತ್ತವೆ. ಅವನ್ನೆಲ್ಲ ಕಿತ್ತು ಎರಡು ದಿನ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆ.

ಹಂತ 7: ಸೆನ್ಸರ್ ನಿಜಕ್ಕೂ ಸತ್ತಿದ್ದರೆ

ಒಳಗಿನ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತದೆ. ಸಾಯುವ ಮೊದಲು ಲಕ್ಷಣ ತೋರಿಸುತ್ತದೆ. ಚಳಿ ಬೆಳಿಗ್ಗೆ ಒಂದು ಟೈರಿನ ಅಂಕಿ ಇರುವ ಜಾಗದಲ್ಲಿ ಬರೀ ಗೆರೆ, ಮಧ್ಯಾಹ್ನಕ್ಕೆ ಮತ್ತೆ ಅಂಕಿ. ಹೀಗೆ ಬಂದು ಹೋಗಿ ಮಾಡುತ್ತಾ ಒಂದು ದಿನ ಪೂರ್ತಿ ನಿಲ್ಲುತ್ತದೆ. ಬ್ಯಾಟರಿಯನ್ನು ಅಂಟು ಸುರಿದು ಮುಚ್ಚಿರುವುದರಿಂದ ಬದಲಿಸುವಂತಿಲ್ಲ. ಇಡೀ ಸೆನ್ಸರ್ ಹೊಸದೇ ಆಗಬೇಕು.

ದುಡ್ಡು ಕೊಡುವ ಮೊದಲು ಒಂದು ಕೇಳಿ: "ಟಿಪಿಎಂಎಸ್ ಟೂಲ್ ಹಿಡಿದು ನಾಲ್ಕೂ ಸೆನ್ಸರ್ ಓದಿ ತೋರಿಸ್ತೀರಾ?" ಕೈಯಲ್ಲಿ ಹಿಡಿಯುವ ಸಾಧನ ಅದು. ವಾಲ್ವ್ ಹತ್ತಿರ ಹಿಡಿದು ಒತ್ತಿದರೆ ನಿದ್ದೆಯಲ್ಲಿರುವ ಸೆನ್ಸರ್ ಎಬ್ಬಿಸಿ ಗುರುತು, ಒತ್ತಡ, ಉಷ್ಣತೆ ತೋರಿಸುತ್ತದೆ. ಕೆಲವು ಸೆನ್ಸರ್‌ಗಳಲ್ಲಿ ಬ್ಯಾಟರಿಯ ಸ್ಥಿತಿಯೂ ಸಿಗುತ್ತದೆ. ಮೂರು ಮಾತಾಡಿ ಒಂದು ಸುಮ್ಮನಿದ್ದರೆ ಅನುಮಾನ ಬಗೆಹರಿಯಿತು. ನಾಲ್ಕೂ ಮಾತಾಡುತ್ತವೆ, ಆದರೂ ಕಾರಿಗೆ ಕೇಳಿಸುತ್ತಿಲ್ಲ ಅಂದರೆ ದೋಷ ರಿಸೀವರ್, ವೈರಿಂಗ್ ಅಥವಾ ಫ್ಯೂಸ್‌ನಲ್ಲಿರಬಹುದು. ಆ ಸಾಧನವೇ ಇಲ್ಲದ ಜಾಗದಲ್ಲಿ ಸೆನ್ಸರ್ ಹೋಗಿದೆ ಅನ್ನುವ ಮಾತು ಬರೀ ಊಹೆ.

ಕೊಳ್ಳುವಾಗ ಪಾರ್ಟ್ ನಂಬರ್ ಹೊಂದಿಸಿ ನೋಡಿ. ಅಮೆರಿಕದಿಂದ ಬರುವ ನೆಂಟರ ಕೈಲಿ ಅಗ್ಗಕ್ಕೆ ತರಿಸುವ ಉಪಾಯ ಹಲವು ಸಲ ಫಲಿಸುವುದಿಲ್ಲ. ಅಲ್ಲಿ ಹಲವು ಕಾರುಗಳಲ್ಲಿ 315 ಮೆಗಾಹರ್ಟ್ಸ್, ಇಲ್ಲಿನ ಕಾರುಗಳಲ್ಲಿ ಸಾಮಾನ್ಯವಾಗಿ 433. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಹೊಸ ಸೆನ್ಸರ್ ಹಾಕಿದ ಮೇಲೆ ಅದರ ಗುರುತನ್ನು ಕಾರಿಗೆ ಕಲಿಸುವ ಕೆಲಸವೂ ಆ ಬಿಲ್ಲಿನಲ್ಲೇ ಸೇರಿದೆಯಾ ಕೇಳಿ. ಕೆಲವು ಕಾರುಗಳು ಇಪ್ಪತ್ತು ನಿಮಿಷ ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಸ್ಕ್ಯಾನರ್ ಬೇಕು. ಲೋಹದ ವಾಲ್ವ್ ಆದರೆ ಪಿನ್ ನಿಕ್ಕಲ್ ಲೇಪದ್ದೇ ಇರಲಿ. ಮಾಮೂಲಿ ಹಿತ್ತಾಳೆ ಪಿನ್ ಅಲ್ಯೂಮಿನಿಯಂ ಒಳಗೆ ಕಚ್ಚಿಕೊಳ್ಳುತ್ತದೆ.

ಟೈರ್ ಬಿಚ್ಚುವ ಕೂಲಿ, ವೀಲ್ ಬ್ಯಾಲೆನ್ಸಿಂಗ್ ಪ್ರತಿ ಸಲವೂ ಇದ್ದೇ ಇರುತ್ತದೆ. ಕಾರಿಗೆ ಏಳೆಂಟು ವರ್ಷವಾಗಿ ಒಂದು ಸೆನ್ಸರ್ ಹೋದರೆ ಉಳಿದ ಮೂರರ ವಯಸ್ಸೂ ಅಷ್ಟೇ. ಹೊಸ ಟೈರ್ ಹಾಕಿಸುವ ಸಮಯ ಹತ್ತಿರವಿದ್ದರೆ, ಅಲ್ಲಿಯವರೆಗೆ ವಾರಕ್ಕೊಮ್ಮೆ ಗೇಜ್ ಹಿಡಿದು ಕಾಲ ತಳ್ಳಿ, ಆಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಟೈರಿನ ವಯಸ್ಸು ತಿಳಿಯಲು ಪಕ್ಕದ ಗೋಡೆಯ ಮೇಲೆ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನನ್ನ ಕಾರಿನ ಟೈರಿನಲ್ಲಿ ಅದೇ ಇದೆ. ಸೆನ್ಸರ್‌ಗಳೂ ಅವುಗಳ ಓರಗೆಯವೇ. ಮುಂದಿನ ಮಳೆಗಾಲಕ್ಕೆ ಮೊದಲು ಟೈರ್, ಸೆನ್ಸರ್ ಎಲ್ಲ ಒಟ್ಟಿಗೆ ಮಾಡಿಸುವುದು ಅಂತ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಗೇಜ್ ಹಿಡಿದು ಒಂದು ಸುತ್ತು, ಆಮೇಲೆ ಕಾಫಿ.